ತಲೆನೋವೇ ಇಲ್ಲದ ಮುನಿಶಾಮಮ್ಮ

ತಲೆನೋವು ಎಂದವರನ್ನು ಕಂಡರೆ ಮತ್ತಿಕೆರೆಯ ಮುನಿಶಾಮಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಅದು ಮೈಗಳ್ಳರ ಕಾಯಿಲೆ ಎಂದು ಮುಖಕ್ಕೆ ಹೊಡೆದಂತೆ ಹೇಳುವಳು. ತನಗೆ ವಾರಕ್ಕೆರಡು ಸಲ ಬಲಗಡೆಯ ಅರ್ಧ ತಲೆ ಸಿಡಿಯುವುದು, ಕಣ್ಣ ಮುಂದೆ ಮಿಂಚು ಕುಣಿಯುವುದು ಮಾತ್ರ ಕಾಯಿಲೆಯಲ್ಲವಂತೆ. ಅಂಥ ದಿನ ಎದ್ದವಳೇ ಶುಂಠಿ ತೇಯ್ದು ಹಣೆಗೆ ಬಳಿದುಕೊಳ್ಳುವಳು, ಕಾರ್ಖಾನೆಯ ಗೇಟು ಕಂಡೊಡನೆ ಸೆರಗಿನಿಂದ ಉಜ್ಜಿ ಒರೆಸುವಳು.

ಅರವತ್ತನಾಲ್ಕನೆಯ ಇಸವಿ. ಯಶವಂತಪುರದ ಆಚೆ ಗಡಿಯಾರದ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯಲ್ಲಿ ಅವಳ ಕೆಲಸ. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಟ್ಯೂಬ್‌ಲೈಟಿನ ಕೆಳಗೆ ದಿನವಿಡೀ ಕೂದಲೆಳೆಯಂಥ ಸ್ಪ್ರಿಂಗು ಕೂಡಿಸಬೇಕು. ಮನೆಯಲ್ಲಿ ಗಂಡಸರು ಉಣ್ಣುವ ಮುಂಚೆ ಸೊಸೆಯಾದ ಅವಳು ತಟ್ಟೆ ಮುಟ್ಟುವಂತಿಲ್ಲ. ಕೆಲಸವೋ ಏಳಕ್ಕೇ ಶುರು. ಹಾಗಾಗಿ ಖಾಲಿ ಹೊಟ್ಟೆಯಲ್ಲೇ ಬರುವಳು. ಹತ್ತು ಗಂಟೆಗೆ ಕಾರ್ಖಾನೆ ಕೊಡುವ ಟೀ, ಬನ್ನು ತಡವಾದ ದಿನ ತಲೆನೋವು ತಪ್ಪುತ್ತಿರಲಿಲ್ಲ.

ಸ್ಪ್ರಿಂಗು ಹಾಳಾಗುವುದು ಹೆಚ್ಚಿತೆಂದು ಮಾಲೀಕರು ಒಬ್ಬ ಡಾಕ್ಟರನ್ನು ಕರೆಸಿದರು. ಇಸ್ತ್ರಿ ಕೆಡದ ಕೋಟಿನ ಆ ಮಹಾಶಯ ಯಾರ ಕಣ್ಣನ್ನೂ ನೋಡಲಿಲ್ಲ, ಯಾರ ಹಣೆಯನ್ನೂ ಮುಟ್ಟಲಿಲ್ಲ. ಇಪ್ಪತ್ತೆಂಟು ಹೆಂಗಸರನ್ನು ಸಾಲಾಗಿ ನಿಲ್ಲಿಸಿ, ಎಲ್ಲರೆದುರೇ ಪ್ರಶ್ನೆ ಕೇಳಿದ. ಕೋಣೆಯೆಲ್ಲ ಶುಂಠಿ ಘಾಟು ಹೊಡೆಯುತ್ತಿದ್ದರೂ ಅವನ ಮೂಗಿಗೆ ಹತ್ತಲಿಲ್ಲ.

"ತಲೆನೋವು ಬರುತ್ತೇನಮ್ಮಾ? ಬೆಳಗ್ಗೆ ಹಸ್ಕೊಂಡು ಬರ್ತೀಯಾ?"

"ಯಾಕ್ ಅಸ್ಕೊಂಡ್ ಬರ್ಲಿ ಸಾ? ನಮ್ದು ಎರಡು ಜೊತೆ ಎತ್ತಿನ ಮನೆ. ತಲೆನೋವು ಗಿಲೆನೋವು ಏನೂ ಇಲ್ಲ."

ಆ ಎತ್ತುಗಳಲ್ಲಿ ಒಂದು ಜೊತೆ ಮಾರಿ ಎರಡು ವರ್ಷವಾಗಿತ್ತು. ಅದಿರಲಿ, ಸಾಲಿನಲ್ಲಿ ಮೊದಲು ನಿಂತಿದ್ದ ಮುನಿಶಾಮಮ್ಮನೇ ಹೀಗಂದ ಮೇಲೆ ಹಿಂದಿದ್ದವರು ತಾವೇನು ಕಮ್ಮಿ ಮನೆಯವರೇ? ಒಬ್ಬೊಬ್ಬರೂ ಇಲ್ಲ ಎಂದರು. ಪಕ್ಕದ ಬೆಂಚಿನ ಜಾಹಿದಾ ಮಾತ್ರ, "ಬರುತ್ತೆ ಡಾಕ್ಟ್ರೇ, ಹಸ್ಕೊಂಡೇ ಬರ್ತೀನಿ, ವಾಂತಿನೂ ಆಗುತ್ತೆ" ಎಂದಾಗ ಮುನಿಶಾಮಮ್ಮ ಮೂಗು ಮುರಿದಳು. ಡಾಕ್ಟರು ಉತ್ತರ ಬರೆದುಕೊಂಡ ಕಾಗದದ ಮೇಲೆ ಮಿಕ್ಕವರು ಹೆಬ್ಬೆಟ್ಟು ಒತ್ತಿದರೆ ತಾನು ದುಂಡಗೆ ಸಹಿ ಹಾಕಿದಳು. ಹೆಬ್ಬೆಟ್ಟಿನವರ ಮೇಲೂ ಅವಳಿಗೆ ತಾತ್ಸಾರವೇ.

ಮುಂದಿನ ಸೋಮವಾರ ಹತ್ತು ಗಂಟೆಗೆ ಟೀ ಬರಲಿಲ್ಲ. ಹನ್ನೊಂದಾಯಿತು. ಕಣ್ಣ ಮುಂದೆ ಮಿಂಚು ಕುಣಿದು, ಕೈಯಲ್ಲಿದ್ದ ಸ್ಪ್ರಿಂಗು ಎತ್ತಲೋ ಹಾರಿತು. ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡವಳು ಗೋಡೆ ಹಿಡಿದುಕೊಂಡು ಸೂಪರ್‌ವೈಸರ್ ಲಕ್ಕಣ್ಣನ ಮೇಜಿನ ಹತ್ತಿರ ಬಂದಳು. ಬಿಂಕವೆಲ್ಲ ಇಳಿದುಹೋಗಿತ್ತು.

"ಲಕ್ಕಣ್ಣಾರೇ, ಒಂದ್ ಲೋಟ ಟೀ ಕೊಡ್ಸಿ. ನಾನ್ ದಿನಾ ಅಸ್ಕೊಂಡೇ ಬರೋದು. ತಲೆ ಸಿಡೀತದೆ."

ಲಕ್ಕಣ್ಣ ಹಲ್ಲು ಕಿರಿದ. "ಇಪ್ಪತ್ತೇಳ್ ಜನ ಹೊಟ್ಟೆ ತುಂಬ್ಕೊಂಡ್ ಬರ್ತೀವಿ ಅಂದ್ರಲ್ಲಮ್ಮಾ! ಜಾಹಿದಾ ಒಬ್ಬಳಿಗೋಸ್ಕರ ಒಲೆ ಹಚ್ಚೋಕಾಗುತ್ತಾ ಅಂತ ಸಾಹೇಬ್ರು ಟೀ ನಿಲ್ಸಿದ್ರು. ನೋಡಿಲ್ಲಿ, ಮೊದಲನೇ ಹೆಸರೇ ನಿಂದು."

ಅವನು ಚಾಚಿದ ಕಾಗದದಲ್ಲಿ ತನ್ನ ದುಂಡನೆಯ ಸಹಿಯನ್ನು ಮುನಿಶಾಮಮ್ಮ ಎಡಗಣ್ಣಿನಿಂದ ನೋಡಿದಳು. ಬಲಗಣ್ಣು ತೆರೆಯಲು ಆಗುತ್ತಿರಲಿಲ್ಲ.