ಸತ್ತ ಕುರಿಗಳ ಉಣ್ಣೆಯ ಕೋಟು

ದೆವ್ವ ಮೆಟ್ಟಿತು, ಗಾಳಿ ಸೋಕಿತು ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಜ್ವರ ಬಂದರೆ ಗುಳಿಗೆ ನುಂಗಬೇಕು, ಕುರಿ ಸತ್ತರೆ ಯಾವ ರೋಗವೆಂದು ನೋಡಬೇಕು, ಅಷ್ಟೇ. ನಾನು ಓದಿದ್ದು ಎರಡನೇ ಕ್ಲಾಸು. ಬುದ್ಧಿ ಬಂದದ್ದು ಕುರಿಗಳ ಹಿಂದೆ. ಈಗ ಹೇಳಹೊರಟಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ನಗುತ್ತಿದ್ದೆ. ನೀವು ನಂಬದಿದ್ದರೂ ನನಗೆ ಬೇಸರವಿಲ್ಲ.

ಇಪ್ಪತ್ತು ವರ್ಷದ ಮೇಲಾಯಿತು. ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಆ ಚಳಿಗಾಲ ಊರಾಚೆಯ ಬೀಳು ಹೊಲಕ್ಕೆ ಬೆಂಗಳೂರು ಕಡೆಯವನೊಬ್ಬ ಸಣ್ಣ ವಿಮಾನ ತಂದ. ಅದಕ್ಕೆ ಬಾಗಿಲಿಲ್ಲ, ಗಾಜಿಲ್ಲ. ಬಟ್ಟೆಯ ರೆಕ್ಕೆ, ಹಿಂದೆ ಒಂದು ಫ್ಯಾನು, ಬಯಲಿನಲ್ಲಿ ಇಟ್ಟಂತೆ ಒಂದು ಕುರ್ಚಿ. ಯಾವುದೋ ಕಂಪನಿಗೆ ಮೇಲಿನಿಂದ ಗುಡ್ಡಗಳ ಫೋಟೋ ತೆಗೆಯುವುದು ಅವನ ಕೆಲಸ. ಗಾಳಿ ಏಳುವ ಮೊದಲೇ ಹಾರಬೇಕಂತೆ. ಹೊತ್ತು ಹುಟ್ಟುವಾಗಲೇ ಏರುತ್ತಿದ್ದ.

ಒಂದು ದಿನ ಮೋಜಿಗೆಂದು ನಮ್ಮ ಹಿಂಡಿನ ನೆತ್ತಿಯ ಮೇಲೆ ಹಾರಿಸಿದ. ಹಿಂಡು ಬೆದರಿ ಓಡಿತು. ಮುಂದಿದ್ದ ಒಂಬತ್ತು ಕುರಿ ಹಾಳುಬಾವಿಗೆ ಬಿದ್ದು ಸತ್ತವು. ಒಂಬತ್ತೂ ಈದು ತಿಂಗಳಾಗದ ತಾಯಿಗಳು. ಮರಿಗಳು ರೊಪ್ಪದ ಬೇಲಿಯೊಳಗೆ ಕೂಡಿದ್ದವು, ಉಳಿದವು.

ಅವನಿದ್ದಲ್ಲಿಗೇ ಹೋದೆ. "ಏನಪ್ಪಾ, ಕಣ್ಣು ಕಾಣ್ತಾವಿಲ್ಲೋ ನಿನಗ?" ಎಂದೆ.

"ನಾನೇನು ಅವನ್ನ ಮುಟ್ಟಿದ್ನಾ ಅಮ್ಮಾ? ಅವೇ ಓಡಿದ್ವು, ಅವೇ ಬಿದ್ವು" ಎಂದು ನಕ್ಕ.

ಸರಿ, ನಾನೂ ನಿನ್ನನ್ನು ಮುಟ್ಟುವುದಿಲ್ಲ ಎಂದುಕೊಂಡೆ.

ಸತ್ತ ಕುರಿಯ ಉಣ್ಣೆಯನ್ನು ನಮ್ಮ ಮನೆಯಲ್ಲಿ ನೂಲುವುದಿಲ್ಲ. ಹೊದ್ದವರಿಗೆ ಒಳ್ಳೆಯದಾಗದು ಎಂದು ನಮ್ಮತ್ತೆ ಉಣ್ಣೆ ಸಮೇತ ಹೂಳಿಸುತ್ತಿದ್ದಳು. ನಾನು ಅದನ್ನೂ ನಂಬಿದವಳಲ್ಲ. ಆದರೂ ಹೂಳುವ ಮೊದಲು ಒಂಬತ್ತಕ್ಕೂ ಕತ್ತರಿ ಹಾಕಿ ಉಣ್ಣೆ ತೆಗೆದೆ. "ತಲಿ ಕೆಟ್ಟೈತೇನು ಯಕ್ಕಾ?" ಎಂದು ಮೈದುನನ ಹೆಂಡತಿ ಹುಲಿಗೆವ್ವ ಬೈದಳು. ಯಾಕೆ ತೆಗೆದೆನೋ ಆಗ ನನಗೂ ಗೊತ್ತಿರಲಿಲ್ಲ.

ಹದಿನೈದು ದಿನಕ್ಕೆ ಅವನೇ ನಮ್ಮ ಬಾಗಿಲಿಗೆ ಬಂದ. ಮೇಲೆ ಚಳಿ ತಡೆಯಲು ಆಗುತ್ತಿಲ್ಲವಂತೆ. ಎರಡು ಸ್ವೆಟರು ಹಾಕಿ, ಅಂಗಿಯೊಳಗೆ ಪೇಪರು ತುರುಕಿಕೊಂಡರೂ ಗಾಳಿ ಎಲುಬಿಗೇ ಇಳಿಯುತ್ತದಂತೆ. ಹಿಡಿಕೆ ಕೈಯಲ್ಲಿದೆಯೋ ಇಲ್ಲವೋ ಬೆರಳಿಗೆ ತಿಳಿಯುವುದಿಲ್ಲವಂತೆ. "ಕಂಬಳೀಲಿ ಒಂದು ಕೋಟು ಹೊಲಿದುಕೊಡ್ತೀರಾ ಅಮ್ಮಾ?" ಎಂದ. ಒಂಬತ್ತು ಕುರಿಯ ಮಾತೇ ಅವನ ಬಾಯಲ್ಲಿ ಬರಲಿಲ್ಲ.

"ಹೊಲಿತೀನಿ, ಯಾಕ ಹೊಲಿಯಂಗಿಲ್ಲ" ಎಂದೆ.

ಆ ಉಣ್ಣೆಯನ್ನೇ ನೂತೆ. ನೂಲಿಗೆ ಹುಣಸೆಬೀಜದ ಗಂಜಿ ಕುಡಿಸಿ ಬಿಗಿಯಾಗಿ ನೇಯ್ದರೆ ಕಂಬಳಿಯೊಳಗೆ ಗಾಳಿ ನುಗ್ಗದು. ನಾನು ಗಂಜಿಯನ್ನು ನೀರು ಮಾಡಿದೆ, ಮೈದುನನಿಗೆ ಹೇಳಿ ಸಡಿಲಾಗಿ ನೇಯಿಸಿದೆ. ಕಣ್ಣಿಗೆ ದಪ್ಪ, ಗಾಳಿಗೆ ಜರಡಿ. ಕುತ್ತಿಗೆಯಿಂದ ಮೊಣಕಾಲಿನ ತನಕ ಹನ್ನೊಂದು ಗುಂಡಿ ಹಚ್ಚಿದೆ. ಸುಳ್ಳು ಯಾಕೆ ಹೇಳಲಿ, ಮೇಲೆ ಅವನ ಕೈ ಮರಗಟ್ಟಲಿ, ಬಿದ್ದು ಸಾಯಲಿ ಎಂದೇ ಒಂದೊಂದು ಹೊಲಿಗೆಯನ್ನೂ ಹಾಕಿದೆ.

ಕೋಟು ತೊಟ್ಟು ಅವನು ಹಾರಿದ ದಿನ ನೋಡಲು ಹೋದೆ. ಹುಲಿಗೆವ್ವನೂ ಬಂದಳು. ವಿಮಾನ ಗುಡ್ಡದ ಕಡೆ ಹೋಗಿ ಕಣ್ಮರೆಯಾಯಿತು. ಅಷ್ಟರಲ್ಲಿ ನಾನು ಬಾಟಲಿಯಲ್ಲಿ ಹಾಲು ಕುಡಿಸಿ ಸಾಕುತ್ತಿದ್ದ ತಬ್ಬಲಿ ಮರಿಗಳು ರೊಪ್ಪದ ಮುಳ್ಳುಬೇಲಿ ನುಗ್ಗಿ ಓಡಿಬಂದು, ವಿಮಾನ ಇಳಿಯುವ ಜಾಗದ ನಡುವೆ ನಿಂತವು. ಎಲ್ಲವೂ ಕತ್ತು ಎತ್ತಿ ಆಕಾಶ ನೋಡುತ್ತಿದ್ದವು. ಕುರಿಮರಿ ಹಾಗೆ ಮೇಲೆ ನೋಡುವುದನ್ನು ಅವತ್ತಿನವರೆಗೆ ನಾನು ಕಂಡಿರಲಿಲ್ಲ.

ವಿಮಾನ ತಿರುಗಿ ಬಂತು. ಮರಿಗಳನ್ನು ಕಂಡು ಇಳಿಯದೆ ಸುತ್ತು ಹಾಕಿತು. ಹುಲಿಗೆವ್ವ ಕೋಲು ಹಿಡಿದು ಹೋದಳು, ಒಂದೂ ಕದಲಲಿಲ್ಲ.

"ನೀ ಕರಿಯೇ ಯಕ್ಕಾ, ನಿನ್ನ ದನಿಗಿ ಬರ್ತಾವ. ಎಣ್ಣಿ ತೀರಿದ್ರ ಬಿದ್ದು ಸಾಯ್ತಾನವ!"

"ಸಾಯ್ಲಿ ಬಿಡು. ನಾನೇನು ಮುಟ್ಟೀನೇನು ಅವನ್ನ?"

ಮತ್ತೊಂದು ಸುತ್ತು. ಇನ್ನೊಂದು. ಮೋಟಾರು ಕೆಮ್ಮತೊಡಗಿತು. ವಿಮಾನ ಬಗ್ಗಿ ನೇರ ಮರಿಗಳ ಕಡೆಗೇ ಇಳಿಯತೊಡಗಿತು. ಆಗ ಕರೆದೆ. ಅವನ ಮೇಲಿನ ಕರುಣೆಗಲ್ಲ, ಮರಿಗಳ ಮೇಲೆ ಬೀಳುತ್ತಾನೆಂದು. ಗಂಟಲು ಹರಿಯುವ ಹಾಗೆ ಕೂಗಿದೆ. ದಿನಾ ನನ್ನ ಸೀರೆಗೆ ಜೋತುಬೀಳುತ್ತಿದ್ದ ಮರಿಗಳು ಕಿವಿ ಸಹ ಅಲ್ಲಾಡಿಸಲಿಲ್ಲ.

ಆ ಹೊತ್ತಿಗೆ ಮೇಲಿನಿಂದ ಕಪ್ಪಗಿನದೊಂದು ಕಳಚಿ, ಗಾಳಿಯಲ್ಲಿ ತೇಲುತ್ತ ದೂರದಲ್ಲಿ ಕೊಯ್ದ ಸಜ್ಜೆ ಹೊಲದ ಕೂಳೆಯಲ್ಲಿ ಬಿತ್ತು. ಮರಿಗಳು ಅರಚುತ್ತ ಅತ್ತ ಓಡಿದವು. ಖಾಲಿಯಾದ ನೆಲಕ್ಕೆ ವಿಮಾನ ದಡಬಡ ಇಳಿಯಿತು.

ಅವನು ಬರೀ ಸ್ವೆಟರಿನಲ್ಲಿ ಗಡಗಡ ನಡುಗುತ್ತ ಕೂತಿದ್ದ. ಹೆಗಲಿನ ಬೆಲ್ಟು, ಸೊಂಟದ ಬೆಲ್ಟು ಎರಡೂ ಬಿಗಿದ ಹಾಗೇ ಇದ್ದವು.

"ಕೋಟ್ ಯಾಕ ಒಗದಿ?" ಎಂದೆ.

"ನಾನು ಎಸೀಲಿಲ್ಲಮ್ಮಾ. ಮೇಲೆ ಚಳಿಯೇ ಇರ್ಲಿಲ್ಲ, ಕುರಿಗಳ ಮಧ್ಯೆ ಮಲಗಿದ ಹಾಗೆ ಬೆವರಿಹೋದೆ. ಇಳಿಯೋವಾಗ ನೋಡ್ತೀನಿ, ಮೈಮೇಲೆ ಇಲ್ಲ." ಈ ಸಲ ಅವನು ನಗಲಿಲ್ಲ.

ಹೋಗಿ ನೋಡಿದೆ. ಮರಿಗಳು ಕೋಟಿಗೆ ಬಾಯಿ ಹಚ್ಚಿ, ಬಾಲ ಅಲ್ಲಾಡಿಸುತ್ತ ಚೀಪುತ್ತಿದ್ದವು. ಕೋಟಿನ ಹನ್ನೊಂದು ಗುಂಡಿಯೂ ಹಾಕಿದ ಹಾಗೇ ಇದ್ದವು. ಮುಟ್ಟಿದರೆ ಬೆಚ್ಚಗಿತ್ತು. ಅವನ ಮೈಯ ಬಿಸಿ ಇರಬಹುದು ಎಂದುಕೊಂಡೆ. ಅಷ್ಟು ಎತ್ತರದಿಂದ ಆ ಗಾಳಿಯಲ್ಲಿ ಬಂದರೂ ಬಿಸಿ ಉಳಿದೀತೇ? ಗುಂಡಿ ಬಿಚ್ಚದೆ, ಬೆಲ್ಟು ಸಡಿಲಿಸದೆ ಕೋಟು ಹೇಗೆ ಕಳಚಿತು? ತಿಳಿದವರನ್ನೂ ಕೇಳಿದೆ. ಇವತ್ತಿಗೂ ಕೇಳುತ್ತಲೇ ಇದ್ದೇನೆ.

ಮೂರನೇ ದಿನ ಅವನು ವಿಮಾನ ಬಿಚ್ಚಿ ಲಾರಿಗೆ ಹೇರಿಕೊಂಡು ಹೋದ. ಅವನನ್ನು ಬದುಕಿಸಿದವು ಆ ತಾಯಿಕುರಿಗಳೇ ಎಂದು ಹುಲಿಗೆವ್ವ ಊರೆಲ್ಲ ಹೇಳಿಕೊಂಡು ತಿರುಗಿದಳು. ಇದ್ದರೂ ಇರಬಹುದು, ನನಗೆ ಗೊತ್ತಿಲ್ಲ. ಅವು ಮರಿಗಳಿಗಾಗಿ ಅವನ ಮೇಲಿನ ಸಿಟ್ಟು ಬಿಟ್ಟಿರಬಹುದು. ನಾನು ಇನ್ನೂ ಬಿಟ್ಟಿಲ್ಲ.