ತೊಳೆದ ವಜ್ರದ ಪರೀಕ್ಷೆ

ಇವತ್ತು ಸೊರಬದ ಬಸ್ ನಿಲ್ದಾಣದಲ್ಲಿ, ಚಕ್ರ ಬಿಚ್ಚಿದ್ದ ಬಸ್ಸೊಂದರ ಗ್ರೀಸಿನ ವಾಸನೆ ಮೂಗಿಗೆ ಬಡಿದಾಗ ಒಬ್ಬಳೇ ನಕ್ಕುಬಿಟ್ಟೆ. ಪಕ್ಕದವರು ತುಸು ಸರಿದು ಕುಳಿತರು. ನಿಮಗಾದರೂ ಕಾರಣ ಹೇಳಬೇಕು.

ಖನಿಜ ಸಂಸ್ಕರಣೆಯಲ್ಲಿ ಸ್ನಾತಕೋತ್ತರ ಪದವಿ ಪಡೆದು, ಜಗತ್ತಿನ ತಪ್ಪುಗಳನ್ನೆಲ್ಲ ತಿದ್ದುವ ಹುಮ್ಮಸ್ಸಿನಲ್ಲಿ, ಶಿಕಾರಿಪುರದ ಹಳೆಯ ಅಕ್ಕಿ ಗಿರಣಿಯಲ್ಲಿದ್ದ ಅದಿರು ಪರೀಕ್ಷಾ ಘಟಕವೊಂದನ್ನು ಸೇರಿದ್ದೆ. ದೂರದ ಗಣಿಗಳ ಜಲ್ಲಿಯನ್ನು ನೀರಿನೊಡನೆ ಗ್ರೀಸು ಬಳಿದ ಮೇಜಿನ ಮೇಲೆ ಹರಿಸುವುದು ಅಲ್ಲಿನ ಕೆಲಸ. ವಜ್ರಕ್ಕೆ ನೀರೆಂದರೆ ಆಗದು. ಕೆಸುವಿನ ಎಲೆಯಂತೆ ನೆನೆಯದೆ ಉಳಿದು ಗ್ರೀಸಿಗೆ ಅಂಟಿಕೊಳ್ಳುತ್ತದೆ. ಮಿಕ್ಕ ಕಲ್ಲುಗಳು ನೆನೆದು ಹರಿದುಹೋಗುತ್ತವೆ. ಜಡೆ ಎಂಬ ಊರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಗಿರಿಜಕ್ಕ, ರೊಟ್ಟಿಗೆ ಬೆಣ್ಣೆ ಸವರುವ ಹದದಲ್ಲಿ ಆ ಮೇಜಿಗೆ ಗ್ರೀಸು ಸವರುತ್ತಿದ್ದರು. ಮೇಜು ಸರಿಯಿದೆಯೇ ಎಂದು ನೋಡಲು, ಎಣಿಸಿಟ್ಟ ಕೆಲವು ವಜ್ರಗಳನ್ನು ಆಗಾಗ ಅವರೇ ಅದರ ಮೇಲೆ ಹರಿಯಬಿಡುತ್ತಿದ್ದರು.

ಒಮ್ಮೆ, ಹರಿದುಹೋದ ಜಲ್ಲಿಯನ್ನು ಎಕ್ಸ್‌ರೇ ಯಂತ್ರಕ್ಕೆ ಹಾಕಿದಾಗ ಅದರಲ್ಲಿ ವಜ್ರಗಳು ಕಂಡವು. ವ್ಯವಸ್ಥಾಪಕರು ಗಿರಿಜಕ್ಕನ ಮೇಲೆ ಎಗರಿದರು.

"ಪರೀಕ್ಷೆಗೆ ಅಂತ ಬಿಟ್ಟ ವಜ್ರ ಒಂದೂ ತಪ್ಪಿಲ್ಲ. ಮೇಜು ಚಲೋ ಐತಿ ಅಂದ್ಮ್ಯಾಲೆ ಕೆಟ್ಟಿದ್ದು ನಿನ್ನ ಕೈ. ನಾಳೆಯಿಂದ ಬರಬ್ಯಾಡ."

"ಕೆಲಸ ಕೆಡಿಸಿದವಳು ಅನ್ನಿಸ್ಕೊಂಡು ನಾನು ಜಡೆ ಬಸ್ಸು ಹತ್ತಲ್ಲ ರೀ," ಎಂದು ಗಿರಿಜಕ್ಕ ಮೇಜಿನ ಪಕ್ಕದಲ್ಲೇ ಕುಳಿತುಬಿಟ್ಟರು.

ನನ್ನ ನೆತ್ತಿಗೆ ರಕ್ತವೇರಿತು. ತಪ್ಪಿಸಿಕೊಂಡ ವಜ್ರಗಳನ್ನು ಭೂತಗನ್ನಡಿಯಲ್ಲಿ ನೋಡಿದೆ. ಪ್ರತಿಯೊಂದರ ಮೈಮೇಲೂ ಸುಣ್ಣದ ತೆಳು ಪೊರೆ! ಪೊರೆ ಕಟ್ಟಿದ ವಜ್ರ ನೀರಿಗೆ ನೆನೆಯುತ್ತದೆ. ಗ್ರೀಸಿನ ಪಾಲಿಗೆ ಅದು ಬರಿಯ ಕಲ್ಲು.

"ಪರೀಕ್ಷೆಯ ವಜ್ರಗಳನ್ನ ಮೇಜಿಗೆ ಬಿಡೋ ಮೊದಲು ಏನು ಮಾಡ್ತೀರಿ, ಅಕ್ಕ?"

"ಬೆಂಡೋಲೆ ತೊಳೆದ ಹಾಗೆ ಅಂಟುವಾಳದ ನೀರಲ್ಲಿ ಉಜ್ಜಿ, ನಾಲ್ಕು ಸಲ ಜಾಲಿಸಿ ಬಿಡ್ತೀನಿ. ಗೋಡೆ ಮೇಲಿನ ಕಾಗದದಲ್ಲಿ ಶುಚಿ ಮಾಡ್ಬೇಕು ಅಂತ ಬರೆದಿದೆಯಲ್ಲ!"

ತೊಳೆದು ಹೊಳೆಯುವ ವಜ್ರವನ್ನು ಹರಿಯಬಿಟ್ಟು, ಅದು ಅಂಟಿತೆಂದು ಮೇಜನ್ನು ಮೆಚ್ಚಿದ್ದೆವು. ಗಣಿಯ ವಜ್ರಕ್ಕೆ ಅಂಟುವಾಳ ಕೊಟ್ಟವರಾರು? ಆ ಜಲ್ಲಿಯನ್ನು ಮರಳಿನೊಡನೆ ಪೀಪಾಯಿಯಲ್ಲಿ ಉರುಳಿಸಿ, ಪೊರೆ ಉಜ್ಜಿ ತೆಗೆದು, ಮತ್ತೆ ಹರಿಸಿದೆವು. ಗಿರಿಜಕ್ಕ ಸವರಿದ ಗ್ರೀಸಿನಲ್ಲಿ ಒಂದೊಂದೇ ವಜ್ರ ನಿಂತಿತು.

"ನೋಡ್ರೀ ಸಾಹೇಬ್ರೆ, ನನ್ನ ಕೈ!" ಎಂದರು ಗಿರಿಜಕ್ಕ. ಎಲ್ಲರೂ ಚಪ್ಪಾಳೆ ತಟ್ಟಿದರು.

ಆ ಉತ್ಸಾಹದಲ್ಲಿ ನಾನು ಭಾಷಣಕ್ಕೇ ನಿಂತೆ: "ಆ ಸೂಚನೆ ಬರೆದವರು ಯಾರೇ ಆಗಿರಲಿ, ಎಲ್ಲರೆದುರು ಕ್ಷಮೆ ಕೇಳಬೇಕು!"

ವ್ಯವಸ್ಥಾಪಕರು ಗೋಡೆಯ ಕಾಗದವನ್ನು ಕಿತ್ತು ನನ್ನ ಕೈಗಿಟ್ಟರು. ಕೆಳಗೆ, ಕೆಲಸಕ್ಕೆ ಸೇರಿದ ವಾರದ ಠೀವಿಯಲ್ಲಿ, ನನ್ನದೇ ಸಹಿ.

"ಬೇಗ ಕೇಳ್ರೀ ಮೇಡಂ," ಗಿರಿಜಕ್ಕ ಸೆರಗಿನಲ್ಲಿ ನಗೆ ಅದುಮಿದರು, "ನನ್ನ ಬಸ್ಸಿಗೆ ಹೊತ್ತಾಯ್ತು."

ಕೇಳಿದೆ. ಬಳಿಕ ವ್ಯವಸ್ಥಾಪಕರನ್ನೂ ಬಿಡಲಿಲ್ಲ, ಅವರೂ ಕೇಳಿದರು.

ಹೊಣೆ ಕೇಳುವ ಚಟ ಇನ್ನೂ ಹೋಗಿಲ್ಲ. ನಮ್ಮ ಬೀದಿಯ ನೀರಿನ ಪರೀಕ್ಷಾ ವರದಿ ಸುಳ್ಳೆಂದು ಇಂದು ಕಚೇರಿಯಲ್ಲಿ ಜಗಳವಾಡಲೆಂದೇ ಬಂದಿದ್ದೇನೆ. ಆಡುತ್ತೇನೆ ಕೂಡ. ಆದರೆ ಮೊದಲು ಕಡತ ಬಿಚ್ಚಿ, ಪರೀಕ್ಷೆಗೆ ಕೊಟ್ಟ ನೀರನ್ನು ನಾನು ಎಂಥ ಬಾಟಲಿಯಲ್ಲಿ ತುಂಬಿದ್ದೆನೆಂದು ನನ್ನದೇ ಕೈಬರಹದ ಚೀಟಿಯಲ್ಲಿ ನೋಡಿಕೊಳ್ಳುತ್ತಿದ್ದೇನೆ.