ಸುಣ್ಣದ ಕಲ್ಲಿನ ಜಾಗದಲ್ಲಿ ಜುಂಜಮ್ಮ

ಹೊತ್ತು ಇನ್ನೂ ಮೂಡಿಲ್ಲ. ಜವನಗೊಂಡನಹಳ್ಳಿಯ ಆಚೆ, ಮಂದೆ ಮೇಯುವ ಕಾವಲಿನಲ್ಲಿ ಒಣಹುಲ್ಲು ಮೊಣಕಾಲುದ್ದ ನಿಂತಿದೆ. ದೂರದ ಗುಡ್ಡಸಾಲಿನ ಮೇಲೆ ಗಾಳಿಯಂತ್ರಗಳ ಕೆಂಪು ದೀಪ ಆರಿಲ್ಲ. ಹಳ್ಳದ ಪಕ್ಕದ ದಿಣ್ಣೆಯ ಎದುರಿಗೆ ಹೆಂಗಸೊಬ್ಬರು ಕಂಬಳಿ ಕೊಪ್ಪೆ ಹಾಕಿಕೊಂಡು, ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕುಳಿತಿದ್ದಾರೆ. ನೋಡಿದರೆ ಕುರಿಯವರೇ. ಆದರೆ ಸುತ್ತ ಎಲ್ಲೂ ಒಂದೇ ಒಂದು ಕುರಿಯಿಲ್ಲ.

"ಸದ್ದು ಮಾಡಬ್ಯಾಡ್ರಿ, ಕುಂತ್ಕಳ್ರಿ," ಎನ್ನುತ್ತಾರೆ ಅವರು, ತಲೆ ತಿರುಗಿಸದೆ. "ಒಳಗೆ ಬಾಣಂತಿ ಐತೆ."

ಬಾಣಂತಿ ಅಂದರೆ ತೋಳ. ದಿಣ್ಣೆಯ ಮಗ್ಗುಲಿನ ಬಿಲದಲ್ಲಿ ಅದು ಮರಿ ಹಾಕಿದೆ. ಹುಟ್ಟಿದಾಗಿನಿಂದ ಕುರಿ ಕಾದ ಗೊಲ್ಲರಹಟ್ಟಿಯ ಜುಂಜಮ್ಮ ಈ ಚಳಿಗಾಲದಲ್ಲಿ ಕುರಿ ಬಿಟ್ಟು ತೋಳ ಕಾಯುತ್ತಿದ್ದಾರೆ. ಮಂದೆಯನ್ನು ಗಂಡ ಗೊಲ್ಲಪ್ಪ ಒಬ್ಬರೇ ಹೊಸದುರ್ಗದ ತೆಂಗಿನ ತೋಟಗಳ ಕಡೆ ಹೊಡೆದುಕೊಂಡು ಹೋಗಿದ್ದಾರೆ. ಹೊರಡುವ ಮುಂಚೆ ಅವರು ಹೇಳಿದ ಮಾತನ್ನು ಜುಂಜಮ್ಮ ನಗುತ್ತಲೇ ಒಪ್ಪಿಸುತ್ತಾರೆ: "ಕುರಿ ಬಿಟ್ಟು ತೋಳ ಕಾಯ್ತೀಯಲ್ಲ, ತಲೆ ನೆಟ್ಟಗೈತಾ ಅಂದ್ರು. ನೆಟ್ಟಗಿದ್ದೋರು ಮಾಡಿದ್ದು ನೋಡಿದೀನಲ್ಲ, ನಂದು ಹಿಂಗೇ ಇರ್ಲಿ ಅಂದೆ."

ಆ ನೆಟ್ಟಗಿದ್ದವರು ಏನು ಮಾಡಿದರು ಎಂಬುದೇ ಈ ಕಥೆ. ಅದಕ್ಕೆ ಮೊದಲು ಜುಂಜಮ್ಮನ ಹಟ್ಟಿಯ ಒಂದು ವಾಡಿಕೆ ಹೇಳಬೇಕು. ಕಾವಲಿನಲ್ಲಿ ತೋಳ ಮರಿ ಹಾಕಿದ್ದು ಯಾರ ಕಣ್ಣಿಗೆ ಮೊದಲು ಬೀಳುತ್ತದೋ ಅವರು ಬಿಲದಿಂದ ಒಂದಷ್ಟು ದೂರದಲ್ಲಿ, ಸುತ್ತಲೂ, ಸುಣ್ಣ ಬಳಿದ ಕಲ್ಲುಗಳನ್ನು ಇಟ್ಟು ಬರಬೇಕು. ಬಾಣಂತಿ ಕಲ್ಲು ಎನ್ನುತ್ತಾರೆ. ಆ ಕಲ್ಲು ಕಂಡ ಯಾವ ಮಂದೆಯವನೂ ಆಚೆಗೆ ಕುರಿ ಬಿಡುವುದಿಲ್ಲ, ನಾಯಿ ಬಿಡುವುದಿಲ್ಲ, ಬೀಡಿ ಹಚ್ಚುವುದಿಲ್ಲ. ಮರಿಗಳು ತಾಯಿಯ ಹಿಂದೆ ಹಳ್ಳ ದಾಟಿ ಹೋದ ಮೇಲೆ ಕಲ್ಲು ತೆಗೆಯುತ್ತಾರೆ. ಜುಂಜಮ್ಮನಿಗೆ ಇದನ್ನು ಕಲಿಸಿದ್ದು ಅತ್ತೆ ಚಿತ್ತಮ್ಮ.

ಕುರಿ ತಿನ್ನುವ ಪ್ರಾಣಿಗೆ ಕುರಿಯವರಿಂದಲೇ ಈ ಮರ್ಯಾದೆ ಯಾಕೆ? ಕೇಳಿದರೆ ಜುಂಜಮ್ಮ ಕೋಲಿನಿಂದ ನೆಲ ಕುಟ್ಟುತ್ತಾರೆ. "ತಿಂತೈತೆ. ವರ್ಷಕ್ಕೆ ಒಂದೋ ಎರಡೋ ಮರಿ ಎತ್ಕಂಡು ಹೋಗ್ತೈತೆ. ಬೈತೀನಿ, ಬಾಯಿಗೆ ಬಂದಂಗೆ ಬೈತೀನಿ. ಆದ್ರೆ ಬೈಯೋದು ಬ್ಯಾರೆ, ಬಾಣಂತಿ ಮನೆ ಕೆಡವೋದು ಬ್ಯಾರೆ. ಅದೂ ನಮ್ಮಂಗೆ ಈ ಹುಲ್ಲು ನಂಬ್ಕಂಡಿರೋ ಜೀವ."

ಕೇಳದೆಯೇ ಇನ್ನೊಂದು ಮಾತು ಹೇಳುತ್ತಾರೆ. ಆಗಿನ ಕಾಲದಲ್ಲಿ ಹೆತ್ತವಳನ್ನು ಹಟ್ಟಿಯ ಹೊರಗಿನ ಗುಡಿಸಲಲ್ಲಿ ಇಡುವ ಕಟ್ಟಳೆಯಿತ್ತು. ಅವರನ್ನೂ ಇಟ್ಟಿದ್ದರು. "ಹಸಿ ಮೈ, ಪಕ್ಕದಾಗೆ ಕೂಸು, ಮ್ಯಾಲೆ ಸೋಗೆ. ನಾಯಿ ಬಂದ್ರೆ ಓಡಿಸ್ಕ ಅಂತ ಒಂದು ಕೋಲು ಕೊಟ್ಟಿದ್ರು. ಬಿಲದಾಗೆ ಮರಿ ಇಟ್ಕಂಡು ಕಿವಿ ನಿಮಿರಿಸ್ಕಂಡು ಮಲಗೋದು ಅಂದ್ರೆ ಏನಂತ ನನಗೆ ಗೊತ್ತೈತೆ." ಸೊಸೆ ಕೀರ್ತನಾ ಹಿರಿಯೂರಿನ ಆಸ್ಪತ್ರೆಯಲ್ಲಿ ಹೆತ್ತು ಬಂದಾಗ, ಇಡೀ ಹಟ್ಟಿಯ ಜೊತೆ ಜಗಳಕ್ಕೆ ನಿಂತು ಅವಳನ್ನು ನೇರವಾಗಿ ನಡುಮನೆಗೆ ಕರೆದುಕೊಂಡವರು ಇದೇ ಜುಂಜಮ್ಮ. ಈಗ ದಿನವೂ ಮುದ್ದೆ ಬುತ್ತಿ ಕಟ್ಟಿಕೊಂಡು ಕಾವಲಿಗೆ ಬರುವವಳು ಆ ಸೊಸೆಯೇ.

ಬೆಳಕು ಹರಿಯುತ್ತಿದ್ದಂತೆ ಕಾವಲು ಬಾಯಿ ಬಿಡುತ್ತದೆ. ಗೌಜಲಹಕ್ಕಿಗಳು ಹುಲ್ಲಿನೊಳಗಿಂದ ಜಗಳಕ್ಕೆ ಬಿದ್ದಂತೆ ಕೂಗುತ್ತವೆ. ನೆಲಗುಬ್ಬಿಯೊಂದು ಹಾಡುತ್ತ ನೇರ ಮೇಲಕ್ಕೆ ಏರಿ ಕಲ್ಲಿನಂತೆ ಕೆಳಗೆ ಬೀಳುತ್ತದೆ. ಮೊಲದ ಹಿಕ್ಕೆ, ಉಡದ ಜಾಡು, ನರಿ ಉಗುರಿನ ಗುರುತು, ಎಲ್ಲವೂ ಇಲ್ಲಿವೆ. ಕಾರೆ, ತಂಗಡಿ, ಕವಳೆ ಬಿಟ್ಟರೆ ಎತ್ತರದ ಗಿಡವಿಲ್ಲ, ಇರಬೇಕಾಗಿಯೂ ಇಲ್ಲ. ನೆರಳಿದ್ದರೆ ಈ ಹುಲ್ಲಿಲ್ಲ, ಈ ಹುಲ್ಲಿಲ್ಲದಿದ್ದರೆ ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಯಿಲ್ಲ, ಮೊಲವಿಲ್ಲ, ತೋಳವಿಲ್ಲ, ಕುರಿಯೂ ಇಲ್ಲ. ಇಂಥ ನೆಲಕ್ಕೆ ಕಾಗದದಲ್ಲಿ ನಾವಿಟ್ಟಿರುವ ಹೆಸರು 'ಖರಾಬು'. ಯಾರು ಹೇಳಿದ್ದು ಖರಾಬು ಎಂದು? ಗೌಜಲಹಕ್ಕಿ ಹೇಳಿತೆ?

ಮರವಿಲ್ಲದ ಬಯಲು ಕಂಡರೆ ಕೆಲವರಿಗೆ ಕೈ ತುರಿಸುತ್ತದೆ. ಹೋದ ವರ್ಷ ಹಾಗೇ ಆಯಿತು. ಎಲ್ಲೋ ಹೊಗೆ ಬಿಡುವ ಕಂಪನಿಯೊಂದು ಇಲ್ಲಿ ಹಸಿರು ಬೆಳೆಸಿ ಪಾಪ ತೊಳೆದುಕೊಳ್ಳಲು ಹೊರಟಿತು. ಗುತ್ತಿಗೆ ಯಾರಿಗೋ ಸಿಕ್ಕಿತು. ಆಗಲೂ ತೋಳ ಮರಿ ಹಾಕಿತ್ತು, ಕಾವಲಿನ ಮೂಡಣ ಪಕ್ಕದಲ್ಲಿ. ಜುಂಜಮ್ಮನೇ ಕಲ್ಲು ಆಯ್ದು, ಸುಣ್ಣ ಕಲಸಿ, ಬಳಿದು, ಸುತ್ತ ಇಟ್ಟರು. ಆಮೇಲೆ ಎಂದಿನಂತೆ ಗಂಡನ ಜೊತೆ ಮಂದೆ ಹೊಡೆದುಕೊಂಡು ಹೊಸದುರ್ಗದ ಕಡೆ ಹೋದರು. ಅಲ್ಲಿ ತೋಟದಲ್ಲಿ ಕುರಿ ತಂಗಿಸಿದರೆ ತೆಂಗಿಗೆ ಗೊಬ್ಬರ, ಕುರಿಯವರಿಗೆ ರಾಗಿ.

ಶಿವರಾತ್ರಿ ಕಳೆದು ವಾಪಸು ಬಂದಾಗ ಕಾವಲಿನ ಅರ್ಧ ಮೈ ಬಗೆದು ಹಾಕಿದ್ದರು. ಸಸಿ ನೆಡಲು ಸಾಲು ಸಾಲು ಗುಂಡಿ. ಗುಂಡಿಯ ಮೊದಲ ಸಾಲು ಶುರುವಾದದ್ದು ನೆಟ್ಟಗೆ ಬಾಣಂತಿ ಕಲ್ಲಿನಿಂದ. ಗುಂಡಿ ತೋಡುವ ಯಂತ್ರದವರು ಆ ಬಿಳಿ ಕಲ್ಲುಗಳನ್ನು ಸರ್ವೆಯವರು ಇಟ್ಟ ಗುರುತು ಎಂದುಕೊಂಡಿದ್ದರು. ಒಂದೊಂದು ಕಲ್ಲಿನಿಂದಲೂ ಗೆರೆ ಹಿಡಿದು ಒಳಮುಖವಾಗಿ ತೋಡುತ್ತ ಹೋಗಿದ್ದರು. ಒಳಗೆ ಬಿಲವಿತ್ತು.

"ಬರಿಗೈಯಾಗೆ ಬಗೆದೆ," ಎನ್ನುತ್ತಾರೆ ಜುಂಜಮ್ಮ. ಧ್ವನಿ ಗಟ್ಟಿಯಾಗುತ್ತದೆ, ಎದುರಿನ ಬಿಲದ ನೆನಪಾಗಿ ಮತ್ತೆ ತಗ್ಗುತ್ತದೆ. "ನಾಕು ಮರಿ ಸಿಕ್ಕಿದ್ವು. ಇನ್ನೂ ಹಾಲು ಬಿಟ್ಟಿರ್ಲಿಲ್ಲ. ತಾಯಿ ಹಳ್ಳದ ಆಚೆ ನಿಂತು ನೋಡ್ತಿತ್ತು. ನನ್ನೇ ನೋಡ್ತಿತ್ತು. ಅಲ್ಲ ಸ್ವಾಮಿ, ಬರ್ರಿ ಇಲ್ಲೇ ಐತೆ ಅಂತ ನಾನೇ ಸುಣ್ಣ ಬಳಿದು ತೋರ್ಸಿದಂಗಾತಲ್ಲ!"

ಸಿಟ್ಟು ಬರುವುದು ಇಲ್ಲೇ. ಆಕೆಯ ಸುಣ್ಣದಲ್ಲಿ ಯಾವ ತಪ್ಪೂ ಇರಲಿಲ್ಲ. ತಲೆಮಾರುಗಳಿಂದ ಹಟ್ಟಿಯ ಎಲ್ಲರಿಗೂ ಅರ್ಥವಾಗುತ್ತಿದ್ದ ಗುರುತು ಅದು. ಅಷ್ಟು ದೊಡ್ಡ ಯಂತ್ರ ತರುವವರು ಹಟ್ಟಿಗೆ ಬಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಕುರಿಯವರನ್ನು ಕೇಳುವುದೇನು ಎಂಬ ಉಡಾಫೆ. ಮಳೆಗಾಲದಲ್ಲಿ ಸಸಿ ನೆಟ್ಟು, ಫೋಟೊ ಹೊಡೆಸಿಕೊಂಡು, 'ಹಸಿರು ವನ' ಎಂದು ಬೋರ್ಡು ನೆಟ್ಟು ಹೋದರು. ದೀಪಾವಳಿಯ ಹೊತ್ತಿಗೆ ಸಸಿಗಳು ಕಡ್ಡಿಯಾಗಿದ್ದವು. ಈಗ ಆ ಅರ್ಧದಲ್ಲಿ ಸಸಿಯೂ ಇಲ್ಲ, ಹುಲ್ಲೂ ಇಲ್ಲ. ಗುಂಡಿಯ ಮಣ್ಣಿನಲ್ಲಿ ಬಳ್ಳಾರಿ ಜಾಲಿ ಚಿಗುರಿದೆ. ಬೋರ್ಡು ಮಾತ್ರ ಹಸಿರಾಗಿಯೇ ಇದೆ.

ತೋಳ ಬಿಟ್ಟು ಹೋಗಲಿಲ್ಲ. ಎಲ್ಲಿಗೆ ಹೋದೀತು? ಸಂಕ್ರಾಂತಿಯ ಆಸುಪಾಸಿನಲ್ಲಿ ಉಳಿದರ್ಧದಲ್ಲಿ, ಈ ದಿಣ್ಣೆಯಲ್ಲಿ, ಮತ್ತೆ ಮರಿ ಹಾಕಿತು. ಉಳಿದರ್ಧಕ್ಕೂ ಗುಂಡಿ ಮಂಜೂರಾಗಿದೆ ಎಂಬ ಸುದ್ದಿ ಅದೇ ವಾರ ಹಟ್ಟಿಗೆ ಬಂತು. ಜುಂಜಮ್ಮ ಹಿರಿಯೂರಿನ ಕಚೇರಿಗೆ ಎರಡು ಸಲ ಹೋಗಿ ಬಂದರು. ಸಾಹೇಬರು ಮೀಟಿಂಗಿನಲ್ಲಿದ್ದರು. ಮೂರನೇ ಸಲ ಬಸ್ಸು ಹತ್ತುವ ಬದಲು ಕಂಬಳಿ ಹೊದ್ದು ಇಲ್ಲಿಗೆ ಬಂದು ಕೂತರು. ಮಂಡಿನೋವಿದೆ, ಕೂತರೆ ಏಳಲಾಗುವುದಿಲ್ಲ. "ಒಳ್ಳೇದೇ ಆತು," ಎನ್ನುತ್ತಾರೆ.

ಯಂತ್ರ ಹೋದ ಸೋಮವಾರ ಬಂತು. ಜೊತೆಗೆ ಮೇಸ್ತ್ರಿ ಯೋಗೇಶ್, ಹೋದ ವರ್ಷದವನೇ. ಹೋದ ವರ್ಷ ತಾನು ತೋಡಿಸಿದ್ದು ಏನನ್ನು ಎಂಬುದು ಅವನಿಗೆ ಗೊತ್ತಿರಲಿಲ್ಲ.

"ಅಜ್ಜೀ, ಎದ್ದೇಳು. ಮಳೆ ಬರೋದ್ರಾಗೆ ಗುಂಡಿ ಮುಗೀಬೇಕು," ಎಂದ.

"ಹೋದ ವರ್ಷ ನೆಟ್ಟಿದ್ದು ಒಂದು ಗಿಡ ತೋರ್ಸು, ಎದ್ದೇಳ್ತೀನಿ."

"ನಂದೇನೈತಜ್ಜಿ, ತೋಡು ಅಂದ ಕಡೆ ತೋಡ್ತೀನಿ."

"ಹಂಗಾದ್ರೆ ಬಾ, ನಿನ್ನ ಕೈಯಾಗೆ ಏನ್ ತೋಡಿಸಿದ್ರು ತೋರಿಸ್ತೀನಿ," ಎಂದು ಅವನ ಕೈಯನ್ನೇ ಆಸರೆ ಮಾಡಿಕೊಂಡು ಎದ್ದು, ಮೂಡಣ ಪಕ್ಕಕ್ಕೆ ಕರೆದೊಯ್ದರು. ನಾಲ್ಕು ಮರಿಗಳನ್ನು ಮಣ್ಣು ಮಾಡಿದ ಜಾಗದಲ್ಲಿ ಅವೇ ಸುಣ್ಣದ ಕಲ್ಲುಗಳನ್ನು ಪೇರಿಸಿಟ್ಟಿದ್ದಾರೆ. ಯೋಗೇಶ್ ಅಲ್ಲಿ ನಿಂತ. ಟೋಪಿ ತೆಗೆದ. ಗಾಡಿ ವಾಪಸು ತಿರುಗಿಸಿದ. ಯಂತ್ರ ಕೆಟ್ಟಿದೆ ಎಂದು ಮೇಲಿನವರಿಗೆ ಸುಳ್ಳು ಹೇಳಿದ್ದಾನಂತೆ. ಆ ಸುಳ್ಳು ಎಷ್ಟು ದಿನ ಬಾಳುತ್ತದೋ ಅವನಿಗೂ ಗೊತ್ತಿಲ್ಲ. ಅವನು ಬಾರದಿದ್ದರೆ ಇನ್ನೊಬ್ಬ ಮೇಸ್ತ್ರಿ ಬರುತ್ತಾನೆ, ಇನ್ನೊಂದು ಯಂತ್ರ ಬರುತ್ತದೆ. ಯಂತ್ರ ಕಳಿಸುವವರು ಮಾತ್ರ ಈ ಹುಲ್ಲಿನ ಮೇಲೆ ಒಂದು ಸಲವೂ ಕಾಲಿಡುವುದಿಲ್ಲ.

ಬಿಸಿಲು ದಿಣ್ಣೆಯ ಮೇಲೆ ಬಿದ್ದಿದೆ. ಬಿಲದ ಬಾಯಲ್ಲಿ ಕಂದು ಬಣ್ಣದ ಪುಟ್ಟ ಮೂತಿಯೊಂದು ಕಾಣಿಸಿ, ಜುಂಜಮ್ಮನ ಕೆಮ್ಮಿನ ಸದ್ದಿಗೆ ಒಳಕ್ಕೆ ಸರಿಯುತ್ತದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೆಮ್ಮನ್ನು ನುಂಗುತ್ತಾರೆ. ನಿಮಗೇನಾಗಬೇಕು ಎಂದು ಕೇಳಿದರೆ, "ಈ ಸಲ ಮರಿ ಹಳ್ಳ ದಾಟ್ಬೇಕು, ಅಷ್ಟೆ. ಆಮೇಲೆ ನಮ್ಮ ಕುರಿಗೇ ಬಾಯಿ ಹಾಕ್ಲಿ, ಬೈತೀನಿ," ಎನ್ನುತ್ತಾರೆ.

ಹೊರಡುವಾಗ ಯೋಗೇಶ್ ಒಂದು ಮಾತು ಹೇಳಿದ್ದನಂತೆ: ಅಜ್ಜೀ, ಚಳಿಯಾಗೆ ಯಾಕೆ ಕೂರ್ತೀಯಾ, ಆ ಕಲ್ಲೇ ಇಟ್ಟು ಮನೆಗೆ ಹೋಗು, ಇನ್ನು ಮ್ಯಾಲೆ ನಮಗೆ ಗುರುತು ಸಿಗ್ತೈತೆ ಅಂತ. ಅದನ್ನು ನೆನೆದು ಜುಂಜಮ್ಮ ಕಂಬಳಿಯನ್ನು ಬಿಗಿಯಾಗಿ ಎಳೆದುಕೊಳ್ಳುತ್ತಾರೆ.

"ಕಲ್ಲು ಇಡಲ್ಲ ಅಂದೆ. ಕಲ್ಲು ನೋಡಿ ಯಾರ್ ಯಾರು ಏನೇನ್ ಅನ್ಕಂತಾರೋ. ನನ್ನ ನೋಡಿ ಸರ್ವೆ ಕಲ್ಲು ಅಂತ ಯಾರೂ ಅನ್ಕಳಲ್ಲ."